ಬೀದಿಯವರು ಸೇರಿ ಹಾಕಿಸಿದ ಆರು ಸಿಸಿಟಿವಿ ಕ್ಯಾಮೆರಾ: ಮಳೆ, ಬಿಸಿಲು, ಕರೆಂಟ್ ಕಟ್ ಎಲ್ಲ ಕಂಡ ಮೇಲಿನ ವಿಮರ್ಶೆ

ಜಾಗ: ತುಮಕೂರು, ಕುಣಿಗಲ್ ರಸ್ತೆ ಕಡೆಯ ಒಂದು ಬಡಾವಣೆ. 30 ಅಡಿ ಅಗಲದ ಅಡ್ಡರಸ್ತೆ. ಅದರ ಒಂದು ತುದಿ ದೊಡ್ಡ ರಸ್ತೆಗೆ ಸೇರುತ್ತದೆ, ಇನ್ನೊಂದು ತುದಿ ಗಿಡಗಂಟಿ ಬೆಳೆದ ಖಾಲಿ ಸೈಟುಗಳಿಗೆ.
ಸಾಮಾನು: 4 ಮೆಗಾಪಿಕ್ಸೆಲ್‌ನ ಆರು ಐಪಿ ಬುಲೆಟ್ ಕ್ಯಾಮೆರಾ (ನೆಟ್‌ವರ್ಕ್ ಕೇಬಲಿಗೆ ಸೇರುವ, ಕೊಳವೆಯಾಕಾರದ್ದು), ಎಂಟು ಚಾನೆಲ್‌ನ ಎನ್‌ವಿಆರ್ (ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), 4 ಟಿಬಿ ಹಾರ್ಡ್ ಡಿಸ್ಕ್, ಎಂಟು ಪೋರ್ಟಿನ ಪಿಒಇ ಸ್ವಿಚ್ (ಒಂದೇ ಕೇಬಲಿನಲ್ಲಿ ಕರೆಂಟನ್ನೂ ಚಿತ್ರವನ್ನೂ ಸಾಗಿಸುವ ಪೆಟ್ಟಿಗೆ), ಕ್ಯಾಟ್-6 ನೆಟ್‌ವರ್ಕ್ ಕೇಬಲ್. ಕೂಲಿ, ಪೈಪು, ಬಾಕ್ಸು ಸೇರಿ ಎಂಬತ್ತು ಸಾವಿರದೊಳಗೆ ಮುಗಿಯಿತು. ಖರ್ಚನ್ನು ಬೀದಿಯ ಮನೆಗಳವರು ಹಂಚಿಕೊಂಡಿದ್ದೇವೆ.

ಬೇರೆ ಬಡಾವಣೆಯವರು ಮೊದಲು ಕೇಳುವುದು ಒಂದೇ ಮಾತು: ಕ್ಯಾಮೆರಾ ಹಾಕಿದ ಮೇಲೆ ಕಳ್ಳತನ ನಿಲ್ಲುತ್ತದಾ? ಕ್ಯಾಮೆರಾ ಯಾರನ್ನೂ ತಡೆಯುವುದಿಲ್ಲ. ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಬರುವ ಸರಗಳ್ಳರಿಗಂತೂ ಅದು ಲೆಕ್ಕಕ್ಕೇ ಇಲ್ಲ. ಅದರಿಂದ ಆಗುವ ಕೆಲಸ ಎರಡು. ಘಟನೆ ನಡೆದ ಐದು ನಿಮಿಷದೊಳಗೆ ಗಾಡಿಯ ಬಣ್ಣ ಮತ್ತು ಹೋದ ದಿಕ್ಕನ್ನು ಪೊಲೀಸರಿಗೆ ಹೇಳಬಹುದು. ಆಮೇಲೆ ಕೋರ್ಟಿನಲ್ಲಿ ನಿಲ್ಲುವಂಥ ದೃಶ್ಯ ಒದಗಿಸಬಹುದು. ಆರು ಕ್ಯಾಮೆರಾ ಗೋಡೆ ಮೇಲಿದ್ದೂ ಈ ಎರಡೂ ಆಗದ ಬೀದಿಗಳು ಊರಲ್ಲಿ ಬೇಕಾದಷ್ಟಿವೆ. ಕ್ಯಾಮೆರಾ ಎಷ್ಟಿವೆ ಎಂಬುದಕ್ಕಿಂತ ಲೆನ್ಸ್, ಬೆಳಕು, ಗಡಿಯಾರ, ಬ್ಯಾಟರಿ ಹೇಗಿವೆ ಎಂಬುದೇ ಮುಖ್ಯ ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಲೆನ್ಸಿನಿಂದ ಶುರು ಮಾಡೋಣ. ಹಾಕಲು ಬರುವವರು ಸಾಮಾನ್ಯವಾಗಿ ಎಲ್ಲ ಕಡೆಗೂ 2.8 ಎಂ.ಎಂ. ಲೆನ್ಸ್ ತರುತ್ತಾರೆ. ಮೊಬೈಲಿನಲ್ಲಿ ಇಡೀ ಬೀದಿ ಕಾಣುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ಗೊತ್ತಿಲ್ಲದವರ ಮುಖ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು ಅನ್ನುವುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. 4 ಮೆಗಾಪಿಕ್ಸೆಲ್ ಚಿತ್ರದ ಅಗಲ 2560 ಪಿಕ್ಸೆಲ್. ಹಾಗಾಗಿ ಚಿತ್ರದಲ್ಲಿ ಕಾಣುವ ಜಾಗ 10 ಮೀಟರಿಗಿಂತ ಅಗಲವಾದರೆ ಮುಖ ಕೈತಪ್ಪುತ್ತದೆ. ಸುಮಾರು 100 ಡಿಗ್ರಿ ಕೋನದ 2.8 ಲೆನ್ಸಿಗೆ ಈ ಮಿತಿ ನಾಲ್ಕು, ನಾಲ್ಕೂವರೆ ಮೀಟರಿಗೇ ಬಂದುಬಿಡುತ್ತದೆ. ಅದರಾಚೆ ಕಾಣುವುದು ಯಾರೋ ಒಬ್ಬರು ನಡೆದುಹೋದರು ಅನ್ನುವಷ್ಟು ಮಾತ್ರ. 6 ಎಂ.ಎಂ. ಲೆನ್ಸಿನಲ್ಲಿ ಕೋನ ಸುಮಾರು 50 ಡಿಗ್ರಿ, ಮಿತಿ 11 ಮೀಟರ್. ಅಷ್ಟು ದೂರದಲ್ಲಿ ಅದು ತೋರಿಸುವ ಅಗಲ 10 ಮೀಟರ್, ಅಂದರೆ 30 ಅಡಿ ರಸ್ತೆ ಪೂರ್ತಿ ಬಂದಂತಾಯಿತು. ಬೀದಿಯ ಬಾಯಿಗೆ ಬೇಕಾದದ್ದು ಇದೇ.

ನಮ್ಮಲ್ಲಿ ದೊಡ್ಡ ರಸ್ತೆಯ ತುದಿಯಲ್ಲಿ 6 ಎಂ.ಎಂ.ನ ಎರಡು ಕ್ಯಾಮೆರಾ ಇವೆ. ಒಂದು ಒಳಗೆ ಬರುವವರ ಮುಖದ ಕಡೆ, ಇನ್ನೊಂದು ಹೊರಗೆ ಹೋಗುವವರ ಮುಖದ ಕಡೆ. ಹೆಲ್ಮೆಟ್ ಇದ್ದರೂ ಗಾಡಿಯ ಮುಂಭಾಗ, ಹಿಂಭಾಗ, ಟ್ಯಾಂಕಿನ ಸ್ಟಿಕ್ಕರ್, ಚಪ್ಪಲಿ, ಬ್ಯಾಗು ಎರಡೂ ಬದಿಯಿಂದ ಸಿಗುತ್ತವೆ. ಖಾಲಿ ಸೈಟುಗಳ ತುದಿಯಲ್ಲಿ ಇನ್ನೊಂದು 6 ಎಂ.ಎಂ. ಇದೆ. ಬೀಗ ಹಾಕಿದ ಮನೆಗೆ ಕನ್ನ ಹಾಕುವವರು ನಡೆದು ಬರುವುದು ಹೆಚ್ಚಾಗಿ ಆ ಕಡೆಯಿಂದ. ನಾಲ್ಕನೆಯದು ಟ್ರಾನ್ಸ್‌ಫಾರ್ಮರ್ ಪಕ್ಕದ ತಿರುವಿನಲ್ಲಿದೆ. ನಡುಬೀದಿಯ ಎರಡು ಅಗಲ ಕೋನದ ಕ್ಯಾಮೆರಾಗಳು ನೋಡಲು ಚೆನ್ನ, ಉಪಯೋಗ ಕಡಿಮೆ. ದುಡ್ಡು ಬಿಗಿಯಿದ್ದರೆ ಅವೆರಡನ್ನು ಬಿಟ್ಟು ಆ ಹಣವನ್ನು ಬೆಳಕಿಗೆ ಹಾಕಿ.

ಎತ್ತರ ಒಂಬತ್ತರಿಂದ ಹತ್ತು ಅಡಿ ಸಾಕು. ಕೈಗೆ ಸಿಗದಿರಲಿ ಎಂದು ಎರಡನೇ ಮಹಡಿಯ ಸಜ್ಜಾದಲ್ಲಿ ಕೂರಿಸಿದರೆ ತಲೆಗೂದಲು, ಟೋಪಿ ಬಿಟ್ಟು ಏನೂ ಕಾಣದು. ಬೆಸ್ಕಾಂ ಕಂಬಕ್ಕೆ ಅನುಮತಿಯಿಲ್ಲದೆ ಕಟ್ಟಬಾರದು, ಲೈನ್‌ಮನ್ ಬಂದಾಗ ಕಿತ್ತು ಹಾಕಿದರೆ ಕೇಳುವ ಹಾಗಿಲ್ಲ. ಕಾಂಪೌಂಡ್ ಗೋಡೆ ಅಥವಾ ಪೋರ್ಟಿಕೋ ಪಿಲ್ಲರ್ ಒಳ್ಳೆಯದು.

ರಾತ್ರಿ ಚಿತ್ರದಲ್ಲಿ ಗೊತ್ತಿರಲೇಬೇಕಾದ ಸಂಗತಿ ಎರಡಿವೆ. ಮೊದಲನೆಯದು ಶಟರ್, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಒಳಗೆ ಬಿಡುವ ಹೊತ್ತು. 30 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು ಓಡುತ್ತದೆ. ಕ್ಯಾಮೆರಾ ತಾನಾಗಿ 1/25 ಸೆಕೆಂಡಿಗೆ ಇಳಿದಾಗ ಒಂದು ಫ್ರೇಮಿನಲ್ಲೇ ಗಾಡಿ 33 ಸೆಂಟಿಮೀಟರ್ ಸರಿದಿರುತ್ತದೆ, ಸಿಗುವುದು ಬರೀ ಗೀಟು. 1/250ಕ್ಕೆ ಕಟ್ಟಿಹಾಕಿದರೆ ಸರಿಯುವುದು ಮೂರು ಸೆಂಟಿಮೀಟರ್ ಚಿಲ್ಲರೆ. ಆದರೆ ಆಗ ಬೆಳಕು ಸಾಲದೆ ಚಿತ್ರ ಕಪ್ಪಾಗುತ್ತದೆ. ಅದಕ್ಕೇ ಬೀದಿಯ ಬಾಯಲ್ಲಿ ಒಳ್ಳೆಯ ಎಲ್‌ಇಡಿ ದೀಪ ಇರಲೇಬೇಕು. ಮಹಾನಗರ ಪಾಲಿಕೆಗೆ ಬೀದಿದೀಪದ ದೂರು ಕೊಡುವಾಗ ಕಂಬದ ನಂಬರ್ ಬರೆದುಕೊಡಿ, ಕೆಲಸ ಬೇಗ ಆಗುತ್ತದೆ.

ಎರಡನೆಯದು ಇನ್‌ಫ್ರಾರೆಡ್, ಅಂದರೆ ಕತ್ತಲಲ್ಲಿ ನೋಡಲು ಕ್ಯಾಮೆರಾ ತಾನೇ ಬೀರುವ, ನಮ್ಮ ಕಣ್ಣಿಗೆ ಕಾಣದ ಬೆಳಕು. ಆ ಬೆಳಕಿನಲ್ಲಿ ಬಣ್ಣವೆಂಬುದೇ ಇರುವುದಿಲ್ಲ. ಕಪ್ಪು ಸಿಂಥೆಟಿಕ್ ಜಾಕೆಟ್ ಎಷ್ಟೋ ಸಲ ಬೂದು ಅಥವಾ ಬಿಳಿಯಾಗಿ ಕಾಣುತ್ತದೆ. ಈ ಕಾರಣಕ್ಕೆ ರಾತ್ರಿಯ ಕಪ್ಪುಬಿಳುಪು ದೃಶ್ಯ ನೋಡಿ ‘ಬಿಳಿ ಅಂಗಿ ಹಾಕಿದ್ದ’ ಎಂದು ದೂರಿನಲ್ಲಿ ಬರೆಸಬೇಡಿ. ತನಿಖೆ ಬೇರೆ ದಾರಿ ಹಿಡಿಯುತ್ತದೆ. ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಫಲಕ ಬೆಳಕನ್ನು ವಾಪಸ್ ಎಸೆಯುವುದರಿಂದ ಇನ್‌ಫ್ರಾರೆಡ್ ಬಿದ್ದಾಗ ಅಕ್ಷರಗಳು ಅಳಿಸಿಹೋಗಿ ಬಿಳಿ ಚೌಕವಷ್ಟೇ ಉಳಿಯುತ್ತದೆ. ನಂಬರ್ ಓದಲೇಬೇಕೆಂದರೆ 12 ಎಂ.ಎಂ. ಲೆನ್ಸಿನ ಪ್ರತ್ಯೇಕ ಕ್ಯಾಮೆರಾ, 1/500 ಅಥವಾ ಇನ್ನೂ ವೇಗದ ಶಟರ್ ಬೇಕು. ಸಾಮಾನ್ಯ ಬುಲೆಟ್ ಕ್ಯಾಮೆರಾದಿಂದ ರಾತ್ರಿ ನಂಬರ್ ಸಿಗುತ್ತದೆ ಎಂದು ಮಾರುವವರ ಮಾತು ನಂಬಬೇಡಿ.

ಡಿಸ್ಕಿನ ಲೆಕ್ಕ ಸುಲಭ. ಎಚ್.265 (ವಿಡಿಯೊ ಗಾತ್ರ ಕುಗ್ಗಿಸುವ ವಿಧಾನ), ಸೆಕೆಂಡಿಗೆ 15 ಫ್ರೇಮ್, 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಇಟ್ಟರೆ ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ. ಆರಕ್ಕೆ ಸುಮಾರು 130 ಜಿಬಿ. 4 ಟಿಬಿಯಲ್ಲಿ 30 ದಿನ ಕೂರುತ್ತದೆ, 2 ಟಿಬಿಯಲ್ಲಿ 15 ದಿನವಷ್ಟೇ. ಕರ್ನಾಟಕ ಸಾರ್ವಜನಿಕ ಸುರಕ್ಷತೆ ಕಾಯ್ದೆ, 2017 ಜನ ಸೇರುವ ಸಂಸ್ಥೆಗಳಿಗೆ 30 ದಿನದ ದೃಶ್ಯ ಇಟ್ಟುಕೊಳ್ಳಲು ಹೇಳುತ್ತದೆ. ಬೀದಿಯವರ ಕ್ಯಾಮೆರಾಗೆ ಆ ಕಟ್ಟು ಇಲ್ಲದಿದ್ದರೂ ಅಳತೆ ಸರಿಯಾದದ್ದು. ಬೇಸಿಗೆ ರಜೆಯಲ್ಲಿ ಊರಿಗೆ ಹೋದವರು ಮರಳಿ ಬಂದು ಬಾಗಿಲು ಮುರಿದಿರುವುದನ್ನು ನೋಡುವ ಹೊತ್ತಿಗೆ ಹದಿನೈದು ದಿನ ದಾಟಿರಬಹುದು. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಹಗಲುರಾತ್ರಿ ಬರೆಯುವ ಕೆಲಸಕ್ಕೆ ತಾಳುವುದಿಲ್ಲ, ಸರ್ವೇಲೆನ್ಸ್ ದರ್ಜೆಯದೇ ಹಾಕಿಸಿ. ‘ಚಲನೆ ಇದ್ದಾಗ ಮಾತ್ರ ರೆಕಾರ್ಡ್’ ಆಯ್ಕೆ ಬೇಡ. ಅದು ತಡವಾಗಿ ಎಚ್ಚೆತ್ತರೆ ಗೇಟು ಹಾರುವ ಕ್ಷಣವೇ ಇರುವುದಿಲ್ಲ.

ಕರೆಂಟಿನ ವಿಷಯ ಬೇಡಿಕೆಯ ಪಟ್ಟಿಯಲ್ಲಿ ಮೊದಲಿಗಿರಲಿ. ಕ್ಯಾಮೆರಾಗಳು, ಸ್ವಿಚ್, ಎನ್‌ವಿಆರ್, ಇಂಟರ್‌ನೆಟ್ ಪೆಟ್ಟಿಗೆ ಎಲ್ಲ ಸೇರಿ ನಮ್ಮಲ್ಲಿ ರಾತ್ರಿ ಸುಮಾರು 75 ವ್ಯಾಟ್ ಎಳೆಯುತ್ತವೆ. ಅಂಗಡಿಯವರು ಕೊಡುವ 600 ವಿಎ ಯುಪಿಎಸ್‌ನೊಳಗೆ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಅದು ಅರ್ಧ ಗಂಟೆಗೆ ಸುಸ್ತು. ಬೆಸ್ಕಾಂನವರು ನಿರ್ವಹಣೆಗೆಂದು ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆದರೆ ಇಡೀ ದಿನ ಬೀದಿ ಕುರುಡು. 150 ಎಎಚ್‌ನ ಮನೆ ಇನ್ವರ್ಟರ್ ಬ್ಯಾಟರಿಗೆ ಜೋಡಿಸಿದ ಮೇಲೆ ಹನ್ನೆರಡು ಗಂಟೆಗೂ ಹೆಚ್ಚು ನಿಲ್ಲುತ್ತಿದೆ. ಎನ್‌ವಿಆರ್ ಇಟ್ಟುಕೊಂಡ ಮನೆಯವರಿಗೆ ಬೀದಿಯ ನಿಧಿಯಿಂದ ಕರೆಂಟ್ ಬಿಲ್ಲಿನ ಪಾಲು ಕೊಡುವುದು ನ್ಯಾಯ. 75 ವ್ಯಾಟ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 54 ಯೂನಿಟ್.

ಕೇಬಲ್ ಶುದ್ಧ ತಾಮ್ರದ್ದೇ ಇರಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ 60–70 ಮೀಟರ್ ದಾಟಿದ ಕಡೆ ರಾತ್ರಿ ಇನ್‌ಫ್ರಾರೆಡ್ ಹೊತ್ತಿಕೊಂಡ ತಕ್ಷಣ ವೋಲ್ಟೇಜ್ ಕುಸಿದು ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿರುತ್ತದೆ. ಹಗಲು ಬಂದ ಟೆಕ್ನಿಷಿಯನ್ನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬ್ಲೇಡಿನಿಂದ ತಂತಿ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ವಾಪಸ್ ಕಳಿಸಿ. ಸ್ವಿಚ್‌ನಿಂದ ಕ್ಯಾಮೆರಾಗೆ 100 ಮೀಟರ್ ಗರಿಷ್ಠ ಮಿತಿ ಇರುವುದರಿಂದ ಎನ್‌ವಿಆರ್ ಮನೆಯನ್ನು ಬೀದಿಯ ನಡುವೆಯೇ ಆರಿಸಿಕೊಳ್ಳಿ. ಕೇಬಲ್ಲು ಪೈಪಿನೊಳಗೇ ಓಡಲಿ, ನೇತಾಡುವ ವೈರನ್ನು ಕೋತಿಗಳು ಉಳಿಸುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಗುವುದು ಹೆಚ್ಚಾಗಿ ಸ್ವಿಚ್‌ನ ಪೋರ್ಟುಗಳು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಪೆಟ್ಟಿಗೆ ಇಡಬೇಡಿ.

ನಿರ್ವಹಣೆಯಲ್ಲಿ ದೊಡ್ಡ ಕಾಟ ಜೇಡ. ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬಂದು ಗಾಜಿನ ಮುಂದೆಯೇ ಬಲೆ ಕಟ್ಟುತ್ತದೆ, ರಾತ್ರಿ ಇಡೀ ಪರದೆ ಬೆಳ್ಳಗಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ಒರೆಸಬೇಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಯುಗಾದಿ ಆಸುಪಾಸಿನಲ್ಲಿ ಹೊಂಗೆ ಚಿಗುರಿದಾಗ ನಿನ್ನೆಯವರೆಗೆ ಕಾಣುತ್ತಿದ್ದ ರಸ್ತೆ ಎಲೆಯ ಹಿಂದೆ ಹೋಗಿರುತ್ತದೆ. ಹತ್ತಿರದ ಎಲೆಗೆ ಇನ್‌ಫ್ರಾರೆಡ್ ಬಡಿದರೆ ಹಿಂದಿನದೆಲ್ಲ ಕತ್ತಲು. ಮೊಬೈಲಿಗೆ ಬರುವ ಎಚ್ಚರಿಕೆಯನ್ನು ಮನುಷ್ಯ ಮತ್ತು ವಾಹನಕ್ಕೆ ಮಾತ್ರ, ಖಾಲಿ ಸೈಟಿನ ಕ್ಯಾಮೆರಾಗೆ ಮಾತ್ರ, ರಾತ್ರಿ 12ರಿಂದ 4ರವರೆಗೆ ಮಾತ್ರ ಇಡಿ. ನಾಯಿ, ಮಳೆ, ಹುಳಕ್ಕೆಲ್ಲ ಟಿಂಗ್ ಎನ್ನುತ್ತಿದ್ದರೆ ವಾರದೊಳಗೆ ಎಲ್ಲರೂ ಅದನ್ನು ಮ್ಯೂಟ್ ಮಾಡಿಬಿಡುತ್ತಾರೆ.

ಗಡಿಯಾರಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಸಾಕ್ಷ್ಯ ಬಿದ್ದುಹೋಗುವುದು ಅಲ್ಲೇ. ಎನ್‌ವಿಆರ್ ಸಮಯ ಏಳೆಂಟು ನಿಮಿಷ ಹಿಂದೆ ಬಿದ್ದಿದ್ದರೆ ಪಕ್ಕದ ರಸ್ತೆಯ ಅಂಗಡಿಯ ದೃಶ್ಯಕ್ಕೂ ಇದಕ್ಕೂ ಹೊಂದುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎನ್‌ಟಿಪಿ (ಇಂಟರ್‌ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುವ ಆಯ್ಕೆ) ಆನ್ ಮಾಡಿ, ವಲಯ +5:30 ಇಡಿ, ತಿಂಗಳಿಗೊಮ್ಮೆ ಮೊಬೈಲ್ ಸಮಯದೊಂದಿಗೆ ತಾಳೆ ನೋಡಿ.

ಘಟನೆ ನಡೆದಾಗ ಮಾಡುವ ಕೆಲಸದ ಕ್ರಮ ಹೀಗಿರಲಿ. ಮೊದಲು 112ಕ್ಕೆ ಕರೆ. ದೃಶ್ಯ ಹುಡುಕುತ್ತ ಕೂತು ಆಮೇಲೆ ಕರೆ ಮಾಡುವುದಲ್ಲ. ಸರ ಕಿತ್ತವರ ಬೈಕು ಹೆದ್ದಾರಿ ಸೇರಲು ಹೆಚ್ಚು ಹೊತ್ತು ಬೇಡ. ಅಲ್ಲಿಂದ ಕ್ಯಾತ್ಸಂದ್ರದ ಕಡೆಗೂ ಹೋಗಬಹುದು, ಶಿರಾ ಕಡೆಗೂ ಹೋಗಬಹುದು. ಒಬ್ಬರು ಕರೆಯಲ್ಲಿರುವಾಗಲೇ ಇನ್ನೊಬ್ಬರು ಪ್ಲೇಬ್ಯಾಕ್ ತೆರೆದು ಗಾಡಿಯ ಬಗೆ, ಬಣ್ಣ, ದಿಕ್ಕು ಹೇಳಬೇಕು. ಇದಕ್ಕಾಗಿ ಬೀದಿಯಲ್ಲಿ ಕನಿಷ್ಠ ಮೂವರಿಗೆ ಪ್ಲೇಬ್ಯಾಕ್ ನೋಡಲು ಬರಬೇಕು, ಅವರಲ್ಲಿ ಒಬ್ಬರಾದರೂ ಹಗಲು ಮನೆಯಲ್ಲಿರುವವರಾಗಿರಬೇಕು. ಆಮೇಲೆ ಘಟನೆಯ ಹಿಂದಿನ ಮತ್ತು ಮುಂದಿನ ಅರ್ಧರ್ಧ ಗಂಟೆಯನ್ನು ಹೊಸ ಪೆನ್‌ಡ್ರೈವಿಗೆ ಎನ್‌ವಿಆರ್‌ನ ಮೂಲ ನಮೂನೆಯಲ್ಲಿ ಒಂದು ಪ್ರತಿ, ಎಂಪಿ4ನಲ್ಲಿ ಒಂದು ಪ್ರತಿ ತೆಗೆಯಿರಿ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ ವಿಡಿಯೊ ಅವಸರದ ಗುರುತಿಗೆ ಸರಿ, ಸಾಕ್ಷ್ಯಕ್ಕೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ‘ಎ’ ಭಾಗ ಉಪಕರಣ ನೋಡಿಕೊಳ್ಳುವವರದು, ‘ಬಿ’ ಭಾಗ ತಜ್ಞರದು. ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ತಿದ್ದಿಲ್ಲ ಎಂದು ತಾಳೆ ನೋಡಲು ಅದರಿಂದಲೇ ಲೆಕ್ಕಹಾಕುವ ಸಂಕೇತ) ನಮೂದಿಸಬೇಕು. ಎನ್‌ವಿಆರ್‌ನ ಮಾದರಿ, ಸೀರಿಯಲ್ ನಂಬರ್ ಮೊದಲೇ ಬರೆದಿಟ್ಟಿರಿ. ಪೆನ್‌ಡ್ರೈವ್ ಕೊಟ್ಟಾಗ ಸ್ವೀಕೃತಿ ಪಡೆಯಿರಿ. ಡಿಸ್ಕನ್ನೇ ಮಹಜರು ಮಾಡಿ ಒಯ್ಯುವ ಸಂದರ್ಭವೂ ಬರುತ್ತದೆ, ಬದಲಿ ಡಿಸ್ಕಿಗೆ ನಿಧಿಯಲ್ಲಿ ಹಣ ತೆಗೆದಿಡಿ.

ದೃಶ್ಯ ಯಾರ ಕೈಯಲ್ಲಿರಬೇಕು ಎಂಬುದರಲ್ಲಿ ನಾವು ಬಿಗಿಯಾಗಿದ್ದೇವೆ. ಎಲ್ಲ ಮನೆಗೂ ಲಾಗಿನ್ ಕೊಟ್ಟರೆ ಪಕ್ಕದ ಮನೆಗೆ ಯಾರು ಬಂದರು, ಯಾರ ಮಗಳು ಎಷ್ಟು ಹೊತ್ತಿಗೆ ಬಂದಳು ಎಂಬುದೇ ಮಾತಾಗುತ್ತದೆ. ಮನೆಗಳ ಬಾಗಿಲು, ಕಿಟಕಿ ಬರುವ ಕಡೆ ಪ್ರೈವೆಸಿ ಮಾಸ್ಕ್ (ಚಿತ್ರದ ಆ ಭಾಗವನ್ನು ಮುಚ್ಚುವ ಸೆಟ್ಟಿಂಗ್) ಹಾಕಿಸಿ, ಮೈಕ್ ಆಫ್ ಮಾಡಿಸಿ, ಡೀಫಾಲ್ಟ್ ಪಾಸ್‌ವರ್ಡನ್ನು ಟೆಕ್ನಿಷಿಯನ್ ಹೋದ ದಿನವೇ ಬದಲಿಸಿ. ಅಪರಿಚಿತರ ಚಿತ್ರವನ್ನು ‘ಕಳ್ಳ ಇರಬಹುದು’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಕಟ್ಟುನಿಟ್ಟಾಗಿ ನಿಷೇಧವಿರಲಿ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಜೀವ ಹೋಗಿದೆ. ಸೀರೆ ಮಾರುವವರು, ಗುಜರಿ ಆಯುವವರು, ಕೊರಿಯರ್ ಹುಡುಗರು ದಿನಾ ಬರುವ ಬೀದಿ ಇದು. ಅನುಮಾನವಿದ್ದರೆ ಚಿತ್ರ ಹೋಗಬೇಕಾದದ್ದು ಬೀಟ್ ಪೊಲೀಸರಿಗೆ, ಗುಂಪಿಗಲ್ಲ. ಊರಿಗೆ ಹೋಗುವವರು ಮನೆಗೆ ಬೀಗ ಹಾಕುವ ವಿಷಯವನ್ನು ಠಾಣೆಗೆ ತಿಳಿಸಿದರೆ ರಾತ್ರಿ ಗಸ್ತಿನವರು ಅತ್ತ ಒಮ್ಮೆ ಬಂದುಹೋಗುತ್ತಾರೆ. ಪೇಪರ್, ಹಾಲಿನ ಪ್ಯಾಕೆಟ್ ಗೇಟಿನಲ್ಲಿ ಬೀಳದಂತೆ ಪಕ್ಕದವರಿಗೆ ಹೇಳಿಹೋಗುವುದು ಯಾವ ಕ್ಯಾಮೆರಾಗಿಂತಲೂ ಕಡಿಮೆಯದಲ್ಲ.

ಹೊಸದಾಗಿ ಕೊಳ್ಳುವವರು ಕೊಟೇಶನ್‌ನಲ್ಲೇ ಇವನ್ನು ಬರೆಸಿಕೊಳ್ಳಿ: ಪ್ರತಿ ಕ್ಯಾಮೆರಾದ ಲೆನ್ಸ್ ಎಷ್ಟು ಎಂ.ಎಂ., ಕೇಬಲ್ ಶುದ್ಧ ತಾಮ್ರದ್ದೇ, ಡಿಸ್ಕ್ ಯಾವ ದರ್ಜೆ, ಅಡ್ಮಿನ್ ಪಾಸ್‌ವರ್ಡ್ ಯಾರ ಕೈಗೆ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ, ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಗುಣಮಟ್ಟ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಇರುವ ಮಾದರಿಯನ್ನೇ ಕೇಳಿ. ಪೂರ್ತಿ ಹಣ ಕೊಡುವ ಮೊದಲು ರಾತ್ರಿ ಹತ್ತು ಗಂಟೆಯ ಮೇಲೆ ಒಬ್ಬರನ್ನು ನಡೆಸಿ, ಒಬ್ಬರನ್ನು ಬೈಕಿನಲ್ಲಿ ಬಿಟ್ಟು, ಆ ರೆಕಾರ್ಡಿಂಗನ್ನು ದೊಡ್ಡ ಪರದೆಯಲ್ಲಿ ನಿಲ್ಲಿಸಿ ನೋಡಿ. ಮುಖ ತಿಳಿಯದಿದ್ದರೆ ಲೆನ್ಸ್ ಬದಲಿಸಿಕೊಡುವವರೆಗೆ ಕೊನೆಯ ಕಂತು ತಡೆಹಿಡಿಯಿರಿ. ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ಕರೆದ 48 ಗಂಟೆಯೊಳಗೆ ಬರಬೇಕು, ಬಂದಾಗಲೆಲ್ಲ ಡಿಸ್ಕಿನ ಸ್ಥಿತಿ ಮತ್ತು ಅತಿ ಹಳೆಯ ರೆಕಾರ್ಡಿಂಗ್ ಯಾವ ತಾರೀಖಿನದು ಎಂದು ಬರೆದುಕೊಡಬೇಕು ಎಂಬ ಷರತ್ತು ಸೇರಿಸಿ.