ಮೂರು ವರ್ಷ ಬಳಸಿದ ಬುಕ್‌ಶೆಲ್ಫ್ ಸ್ಪೀಕರ್: ಎರಡು ಸ್ಟಾರ್ ಕೊಟ್ಟಿದ್ದು ಯಾಕೆ ತಪ್ಪು

ಈ ಸ್ಪೀಕರ್ ತಂದ ಒಂದೇ ತಿಂಗಳಿಗೆ ಎರಡು ಸ್ಟಾರ್ ಕೊಟ್ಟಿದ್ದೆ. "ಬೇಸ್ ಬರೀ ಗುಂಯ್ ಅನ್ನುತ್ತೆ, ಹಾಡಿನ ಸಾಹಿತ್ಯ ಕೇಳಿಸಲ್ಲ" ಎಂದು ಕೋಪದಲ್ಲಿ ಬರೆದಿದ್ದೆ. ಈಗ ಮೂರು ವರ್ಷ ಆಯಿತು. ಅದೇ ಸ್ಪೀಕರ್, ಅದೇ ಆಂಪ್ಲಿಫೈಯರ್, ವೈರ್ ಕೂಡ ಅದೇ. ಅವತ್ತು ಬರೆದದ್ದನ್ನು ತಿದ್ದದೇ ಇದ್ದರೆ ನನಗೆ ಸಮಾಧಾನ ಇಲ್ಲ.

ವಾಟ್, ಓಮ್ ಎಲ್ಲ ಡಬ್ಬದ ಮೇಲೆಯೇ ಇದೆ. ನಾನು ಹೇಳಬೇಕಾಗಿರುವುದು ಕೋಣೆಯ ಕಥೆ.

ನನ್ನ ಕೋಣೆ ಸರಿಯಾಗಿ ಚೌಕ. 3.1 ಮೀಟರ್ ಉದ್ದ, ಅಷ್ಟೇ ಅಗಲ. ಬೋಳು ಗೋಡೆ, ಟೈಲ್ಸ್ ನೆಲ. ಸ್ಪೀಕರ್‌ಗಳನ್ನು ಎರಡು ಮೂಲೆಗೆ ಒತ್ತಿ ಇಟ್ಟಿದ್ದೆ. ಕುರ್ಚಿ ಎದುರಿನ ಗೋಡೆಗೆ ಒರಗಿತ್ತು. ಬೇಸ್ ಗಿಟಾರ್‌ನ ಒಂದು ಸ್ವರ ಬಂದರೆ ಕಿಟಕಿ ಗಾಜು ನಡುಗುತ್ತಿತ್ತು, ಅದರ ಪಕ್ಕದ ಸ್ವರ ಸಪ್ಪೆ. ಒಂದು ವರ್ಷ ಬೇಸ್ ನಾಬ್ ತಿರುಗಿಸುತ್ತಾ, ಸ್ಪೀಕರ್ ಹಿಂಬದಿಯಲ್ಲಿ ಬೇಸ್ ಹೊರಬರಲು ಇರುವ ತೂತಿಗೆ ಸ್ಪಂಜು ತುರುಕುತ್ತಾ ಕಳೆದೆ. ಆಂಪ್ಲಿಫೈಯರ್ ಮಾರಿಬಿಡೋಣ ಅಂತಲೂ ಯೋಚಿಸಿದ್ದೆ.

ಒಂದು ರಾತ್ರಿ ಹಾಡಿನ ಮಧ್ಯೆ ಫೋನ್ ತರಲು ಎದ್ದೆ. ಕೋಣೆಯ ನಡುವಿಗೆ ಬಂದಾಗ ಆ ಗುಂಯ್ ಮಾಯ! ವಾಪಸ್ ಗೋಡೆ ಹತ್ತಿರ ಹೋದೆ, ಮತ್ತೆ ಬಂತು. ಅದೇ ಹಾಡು, ಅದೇ ವಾಲ್ಯೂಮ್. ನಾಲ್ಕೈದು ಸಲ ಹಾಗೇ ಹಿಂದೆ ಮುಂದೆ ನಡೆದೆ.

ಆಮೇಲೆ ಲೆಕ್ಕ ಹಾಕಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ಉದ್ದದ ಎರಡರಷ್ಟು, ಅಂದರೆ 6.2ರಿಂದ ಭಾಗಿಸಿದರೆ ಸುಮಾರು 55 ಹರ್ಟ್ಸ್, ಅಂದರೆ ಸೆಕೆಂಡಿಗೆ 55 ಕಂಪನ. ಬೇಸ್ ಗಿಟಾರ್‌ನ ಎ ತಂತಿಯನ್ನು ಸುಮ್ನೆ ಮೀಟಿದರೆ ಬರುವುದು ಅದೇ 55! ಆ ಸ್ವರ ಎರಡು ಗೋಡೆಗಳ ನಡುವೆ ಹೋಗಿ ಬಂದು ತನ್ನನ್ನೇ ಬಲಪಡಿಸಿಕೊಳ್ಳುತ್ತದೆ. ಗೋಡೆ ಹತ್ತಿರ ತುಂಬ ಜೋರು, ಸರಿಯಾಗಿ ನಡುವೆ ಹೆಚ್ಚುಕಡಿಮೆ ಸೊನ್ನೆ. ಕೋಣೆ ಚೌಕ ಆಗಿದ್ದರಿಂದ ಉದ್ದಕ್ಕೂ ಅಗಲಕ್ಕೂ ಒಂದೇ ಸ್ವರ, ಕಾಟ ಎರಡು ಪಟ್ಟು. ನಾನು ಗೋಡೆಗೆ ಒರಗಿ ಕೂತು ಸ್ಪೀಕರನ್ನು ಬೈಯುತ್ತಿದ್ದೆ.

ಸ್ಪೀಕರ್ ಹಿಂದೆ 50 ಸೆಂಟಿಮೀಟರ್ ಜಾಗ ಬಿಟ್ಟೆ. ಕುರ್ಚಿಯನ್ನು ಗೋಡೆಯಿಂದ 1.1 ಮೀಟರ್ ಮುಂದೆ ತಂದೆ. ಎರಡು ಸ್ಪೀಕರ್ ಮತ್ತು ನನ್ನ ತಲೆ, ಮೂರರ ನಡುವೆಯೂ ಸುಮಾರು 1.4 ಮೀಟರ್. ಒಂದು ಪೈಸೆ ಖರ್ಚಿಲ್ಲದೆ ಅರ್ಧಕ್ಕಿಂತ ಜಾಸ್ತಿ ಸರಿಹೋಯಿತು.

ಇನ್ನೊಂದು ತೊಂದರೆ ಉಳಿದಿತ್ತು. ಚಪ್ಪಾಳೆ ತಟ್ಟಿದರೆ ಗೋಡೆಗಳ ನಡುವೆ "ಟ್ರ್‌ರ್" ಎಂದು ಪ್ರತಿಧ್ವನಿ. ಅದಕ್ಕೆ ಒಂದು ಇಂಚಿನ ಫೋಮ್ ತಂದು ಎರಡು ಗೋಡೆಗೂ ಅಂಟಿಸಿದೆ. ಈ ಖರ್ಚು ಮಾತ್ರ ಈಗಲೂ ಹೊಟ್ಟೆ ಉರಿಸುತ್ತದೆ. ತೆಳು ಫೋಮ್ ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. 6 ಮೀಟರ್ ಉದ್ದದ ಅಲೆಗೆ ಅದು ಲೆಕ್ಕಕ್ಕೇ ಇಲ್ಲ. ತಾಳದ ಹೊಳಪು ಹೋಯಿತು, ಗುಂಯ್ ಇದ್ದಷ್ಟೇ ಇತ್ತು.

1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ಅರ್ಥವಾಗದಷ್ಟು ಪ್ರತಿಧ್ವನಿ ಇತ್ತಂತೆ. ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸಬೈನ್ ಪಕ್ಕದ ಥಿಯೇಟರ್‌ನ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಎಷ್ಟು ಮೆತ್ತೆಗೆ ಎಷ್ಟು ಕಡಿಮೆ ಆಗುತ್ತದೆ ಎಂದು ಅಳೆದರು. ಅದನ್ನು ಓದಿ ಫೋಮ್ ಕಿತ್ತೆ. ಮೊದಲು ಮಲಗುವ ಹಾಸಿಗೆಯನ್ನೇ ಮೂಲೆಗೆ ಒರಗಿಸಿ ಕೇಳಿದೆ. ವ್ಯತ್ಯಾಸ ಗೊತ್ತಾದ ಮೇಲೆಯೇ ಮರದ ಚೌಕಟ್ಟಿಗೆ 10 ಸೆಂಟಿಮೀಟರ್ ದಪ್ಪದ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ತುಂಬಿ, ಬಟ್ಟೆ ಸುತ್ತಿ ಪ್ಯಾನೆಲ್ ಮಾಡಿದೆ.

ಪಕ್ಕದ ಗೋಡೆಯಲ್ಲಿ ಅವುಗಳ ಜಾಗ ಹುಡುಕಿದ್ದು ಕನ್ನಡಿಯಿಂದ. ನಾನು ಕುರ್ಚಿಯಲ್ಲಿ ಕೂತೆ. ಮಗಳು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಸರಿಸುತ್ತಾ ಹೋದಳು.

"ಅಪ್ಪಾ, ಈಗ ಕಾಣ್ತಾ?"

"ಇನ್ನೂ ಸ್ವಲ್ಪ ಮುಂದೆ ಹೋಗಮ್ಮ... ಹಾಂ, ಅಲ್ಲೇ!"

ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲೇ ಶಬ್ದವೂ ಗೋಡೆಗೆ ಬಡಿದು ಕಿವಿಗೆ ಬರುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ ಪ್ಯಾನೆಲ್ ನೇತು ಹಾಕಿದೆವು. ಹಾಡುವವರ ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಬಂದು ನಿಂತಿತು, ಅಲ್ಲಿ ಯಾರೋ ಕೂತಿದ್ದಾರೆ ಅನ್ನುವ ಹಾಗೆ. ಮಗಳು ಎದ್ದು ಹೋಗಿ ಆ ಖಾಲಿ ಜಾಗದಲ್ಲಿ ಕೈಯಾಡಿಸಿ ನೋಡಿದಳು.

ಈಗ ದಿನಾ ರಾತ್ರಿ ಊಟ ಆದ ಮೇಲೆ ಒಂದು ಕ್ರಮ ಇದೆ. ನೆಲದ ಮೇಲೆ ನಾಲ್ಕು ಚೂರು ಬಿಳಿ ಟೇಪ್ ಅಂಟಿಸಿದ್ದೇನೆ. ಸ್ಪೀಕರ್ ಸ್ಟ್ಯಾಂಡ್‌ಗಳನ್ನು ಎಳೆದು ಟೇಪಿನ ಅಂಚಿಗೆ ಸರಿಯಾಗಿ ಕೂರಿಸುತ್ತೇನೆ. ದಪ್ಪ ಪರದೆ ಎಳೆಯುತ್ತೇನೆ, ಕಾರ್ಪೆಟ್ ಬಿಚ್ಚುತ್ತೇನೆ. ಮೊದಲು ಎರಡು ನಿಮಿಷ ಬರೀ ತಂಬೂರಿ. ಮುಂಚೆ ಅದು ಒಂದೇ ಮಬ್ಬು ನಾದ ಆಗಿತ್ತು. ಈಗ ನಾಲ್ಕು ತಂತಿಯೂ ಬೇರೆ ಬೇರೆ ಕೇಳುತ್ತವೆ, ಒಂದರ ಬಾಲ ಮುಗಿಯುವ ಮುಂಚೆ ಇನ್ನೊಂದು ಏಳುವುದು ಗೊತ್ತಾಗುತ್ತದೆ. ಆಮೇಲೆ ಎಲ್ಲ ಎತ್ತಿ ಗೋಡೆಗೆ ಸರಿಸಬೇಕು, ಜಾಗ ಬೇಕಲ್ವಾ.

ಆ 55 ಹರ್ಟ್ಸ್ ಪೂರ್ತಿ ಹೋಗಿಲ್ಲ, ಕೆಲವು ಹಾಡಿನಲ್ಲಿ ಈಗಲೂ ಸ್ವಲ್ಪ ಎಳೆಯುತ್ತದೆ. ಪ್ಯಾನೆಲ್‌ಗಳಿಗೆ ಆದ ಖರ್ಚು ಸ್ಪೀಕರ್ ಬೆಲೆಯ ಹತ್ತರಲ್ಲಿ ಒಂದು ಪಾಲು. ಹೊಸ ಆಂಪ್ಲಿಫೈಯರ್ ಕೊಂಡಿದ್ದರೆ ಇಷ್ಟು ಸಿಗುತ್ತಿರಲಿಲ್ಲ.

ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ಆ ಹಿಂದಿನ ತೂತಿಗೆ. ಗೋಡೆಗೆ ಒತ್ತಿಯೇ ಇಡಬೇಕು ಅನ್ನುವವರು ಈ ಸ್ಪೀಕರ್ ತಗೊಳ್ಳಬೇಡಿ, ಮುಂದೆ ತೂತಿರುವುದನ್ನೋ ತೂತೇ ಇಲ್ಲದ್ದನ್ನೋ ನೋಡಿ.