ಸೋಪ್‌ಯುಐ: ಡಾಟ್ ನೆಟ್ ಮತ್ತು ಜಾವಾ ಜಗಳ ಬಿಡಿಸಲು ಇಟ್ಟುಕೊಳ್ಳಲೇಬೇಕಾದ ಟೂಲ್

ನಿಮ್ಮ ಸಾಫ್ಟ್‌ವೇರ್ ಡಾಟ್ ನೆಟ್‌ನಲ್ಲಿದೆ, ಎದುರಿನವರ ವೆಬ್ ಸರ್ವಿಸ್ ಜಾವಾದಲ್ಲಿದೆ, ನಡುವೆ ಡಬ್ಲ್ಯುಎಸ್-ಸೆಕ್ಯುರಿಟಿ (ಮೆಸೇಜಿಗೇ ಸಹಿ, ಎನ್‌ಕ್ರಿಪ್ಶನ್ ಹಾಕುವ ನಿಯಮಗಳು) ಇರಬೇಕು ಅಂತ ಅವರು ಹೇಳಿದ್ದಾರೆ. ಹಾಗಿದ್ದರೆ ಒಂದು ಸಾಲು ಕೋಡ್ ಬರೆಯುವ ಮೊದಲು ಸೋಪ್‌ಯುಐ ಇಳಿಸಿಕೊಳ್ಳಿ, ವೆಬ್ ಸರ್ವಿಸ್‌ಗೆ ಮೆಸೇಜು ಕಳಿಸಿ ಉತ್ತರ ಪರೀಕ್ಷಿಸುವ ಟೂಲ್ ಇದು. ದುಡ್ಡು ಕೊಡಬೇಕಾಗಿಲ್ಲ. ರೆಡಿಎಪಿಐ ಅಂತ ದುಡ್ಡಿನ ಆವೃತ್ತಿಯೂ ಇದೆ, ಆದರೆ ಈ ಕೆಲಸಕ್ಕೆ ಓಪನ್ ಸೋರ್ಸ್ ಆವೃತ್ತಿಯೇ ಧಾರಾಳ ಸಾಕು.

ನಾನು ಶಿವಮೊಗ್ಗದಲ್ಲಿ ಕೂತು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಹಕಾರ ಸಂಘಗಳ, ಅಡಿಕೆ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ರಾಶಿ, ಬೆಟ್ಟೆ, ಗೊರಬಲು ಅಂತ ಬಿಲ್ ಆದ ಮೇಲೆ ರೈತರ ಖಾತೆಗೆ ಹಣ ಹಾಕುವ ವಿವರ ಹೊರಗಿನ ಒಂದು ಸರ್ವಿಸ್‌ಗೆ ಹೋಗಬೇಕು. ಈಗ ಎಲ್ಲ ಕಡೆ ರೆಸ್ಟ್ ಅನ್ನುವ ಹಗುರವಾದ ವಿಧಾನ ಬಂದಿದೆ ನಿಜ, ಆದರೆ ಹಣ, ವಿಮೆ, ದಾಖಲೆ ಇಂಥ ಕಡೆ ಎಕ್ಸ್‌ಎಂಎಲ್ ಮೆಸೇಜಿನಲ್ಲಿ ಮಾತಾಡುವ ಹಳೆಯ ಸೋಪ್ ಸರ್ವಿಸ್‌ಗಳು ಇನ್ನೂ ಗಟ್ಟಿಯಾಗಿ ಓಡುತ್ತಿವೆ, ಯಾರೂ ಅದನ್ನು ಬದಲಿಸುವ ಧೈರ್ಯ ಮಾಡುವುದಿಲ್ಲ. ಮಾಡಬೇಕು ಅಂತ ನನಗೂ ಅನಿಸುವುದಿಲ್ಲ. ಎಚ್‌ಟಿಟಿಪಿಎಸ್ ಕಾಪಾಡುವುದು ದಾರಿಯನ್ನು ಮಾತ್ರ. ಡಬ್ಲ್ಯುಎಸ್-ಸೆಕ್ಯುರಿಟಿಯಲ್ಲಿ ಸಹಿ ಮೆಸೇಜಿನ ಒಳಗೇ ಇರುತ್ತದೆ. ನಡುವೆ ಎಷ್ಟು ಸರ್ವರ್ ದಾಟಿ ಹೋದರೂ ಈ ಮೊತ್ತ ಈ ಸಂಘದವರೇ ಕಳಿಸಿದ್ದು ಅಂತ ಕೊನೆಯವರು ಪರೀಕ್ಷಿಸಬಹುದು. ರೈತರ ದುಡ್ಡಿನ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಸ್ಟ್ಯಾಂಡರ್ಡ್ ಇದ್ದ ಮೇಲೆ ಎರಡು ಕಡೆಯವು ಸುಮ್ನೆ ಕೂಡಿಕೊಳ್ಳಬೇಕಲ್ವಾ? ಆಗುವುದಿಲ್ಲ. 2002ರಲ್ಲಿ ಐಬಿಎಂ, ಮೈಕ್ರೋಸಾಫ್ಟ್, ವೆರಿಸೈನ್ ಸೇರಿ ಡಬ್ಲ್ಯುಎಸ್-ಸೆಕ್ಯುರಿಟಿಯನ್ನು ಮುಂದಿಟ್ಟವು. 2004ರಲ್ಲಿ ಓಯಾಸಿಸ್ ಸಂಸ್ಥೆ ಅದನ್ನು ಸ್ಟ್ಯಾಂಡರ್ಡ್ ಮಾಡಿತು, 2006ರಲ್ಲಿ 1.1 ಬಂತು. ಆದರೆ ಅದರಲ್ಲಿ ಆಯ್ಕೆಗಳು ತುಂಬಾ ಜಾಸ್ತಿ. ಪಾಸ್‌ವರ್ಡ್ ನೇರವಾಗಿ ಕಳಿಸುವುದೋ, ಡೈಜೆಸ್ಟ್ (ಹಿಂದಕ್ಕೆ ಬಿಡಿಸಲಾಗದ ಪುಟ್ಟ ಗುರುತು) ಮಾಡಿ ಕಳಿಸುವುದೋ? ಸರ್ಟಿಫಿಕೇಟನ್ನೇ ಮೆಸೇಜಿನಲ್ಲಿ ಇಡುವುದೋ, ಅದರ ಸೀರಿಯಲ್ ನಂಬರ್ ಮಾತ್ರವೋ? ಮೊದಲು ಸಹಿಯೋ, ಮೊದಲು ಎನ್‌ಕ್ರಿಪ್ಶನ್ನೋ? ಎಲ್ಲದಕ್ಕೂ ಸ್ಟ್ಯಾಂಡರ್ಡ್ ಹೂಂ ಅನ್ನುತ್ತದೆ. ಈ ಆಯ್ಕೆಗಳನ್ನು ಕಡಿಮೆ ಮಾಡುವುದಕ್ಕೇ 2007ರಲ್ಲಿ ಬೇಸಿಕ್ ಸೆಕ್ಯುರಿಟಿ ಪ್ರೊಫೈಲ್ ಅಂತ ಇನ್ನೊಂದು ದಾಖಲೆ ತರಬೇಕಾಯಿತು. ಡಾಟ್ ನೆಟ್‌ನಲ್ಲಿ ವೆಬ್ ಸರ್ವಿಸ್ ನೋಡಿಕೊಳ್ಳುವ ಭಾಗವಾದ ಡಬ್ಲ್ಯುಸಿಎಫ್‌ನಲ್ಲಿ ಒಂದು ಸೆಟ್ಟಿಂಗ್ ಇದೆ, ಅದರ ಒಂದೇ ಹೆಸರಿನೊಳಗೆ ಐದು ಸ್ಪೆಸಿಫಿಕೇಶನ್‌ಗಳ ಹೆಸರು, ಅವುಗಳ ಆವೃತ್ತಿ ಎಲ್ಲ ಪೋಣಿಸಿದ್ದಾರೆ. ಅದನ್ನು ಒಮ್ಮೆ ನೋಡಿದರೆ ಗೊಂದಲ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ.

ಸೋಪ್‌ಯುಐ ಕೆಲಸಕ್ಕೆ ಬರುವುದು ಇಲ್ಲಿ. ಅದು ನಿಮ್ಮ ಕಡೆಯದೂ ಅಲ್ಲ, ಎದುರಿನವರ ಕಡೆಯದೂ ಅಲ್ಲ. ತಂತಿಯ ಮೇಲೆ ನಿಜವಾಗಿ ಏನು ಹೋಯಿತು, ಏನು ಬಂತು ಅಂತ ತೋರಿಸುತ್ತದೆ. ಎರಡು ಕಡೆಯ ಕಾನ್ಫಿಗರೇಶನ್ ಫೈಲ್ ಪಕ್ಕಪಕ್ಕ ಇಟ್ಟು ಗಂಟೆಗಟ್ಟಲೆ ನೋಡಿದರೂ ತೀರದ ಜಗಳ, ಹೋದ ಎಕ್ಸ್‌ಎಂಎಲ್ ಇಬ್ಬರ ಮುಂದೆ ಇಟ್ಟರೆ ಹತ್ತು ನಿಮಿಷದಲ್ಲಿ ತೀರುತ್ತದೆ.

ಪ್ರಾಜೆಕ್ಟ್ ತೆರೆದು ಡಬ್ಲ್ಯುಎಸ್-ಸೆಕ್ಯುರಿಟಿ ಕಾನ್ಫಿಗರೇಶನ್ಸ್ ಟ್ಯಾಬಿಗೆ ಹೋಗಿ. ಮೊದಲು ಕೀಸ್ಟೋರ್ (ಕೀ, ಸರ್ಟಿಫಿಕೇಟ್ ಇಡುವ ಫೈಲ್) ಸೇರಿಸಿ. ವಿಂಡೋಸ್‌ನಿಂದ ತೆಗೆದ ಪಿಎಫ್‌ಎಕ್ಸ್ ಫೈಲನ್ನೇ ಪಿಕೆಸಿಎಸ್12 ಅಂತ ಕೊಡಬಹುದು, ಜಾವಾದ ಜೆಕೆಎಸ್ ರೂಪಕ್ಕೆ ಬದಲಿಸುತ್ತಾ ಕೂರಬೇಕಾಗಿಲ್ಲ. ಆಮೇಲೆ ಔಟ್‌ಗೋಯಿಂಗ್‌ನಲ್ಲಿ ಟೈಮ್‌ಸ್ಟ್ಯಾಂಪ್, ಯೂಸರ್‌ನೇಮ್, ಸಿಗ್ನೇಚರ್, ಎನ್‌ಕ್ರಿಪ್ಶನ್ ಒಂದೊಂದಾಗಿ ಜೋಡಿಸಿ. ಯಾವುದನ್ನು ಮೇಲೆ ಇಡುತ್ತೀರೋ ಅದು ಮೊದಲು ನಡೆಯುತ್ತದೆ, ಹಾಗಾಗಿ ಟೈಮ್‌ಸ್ಟ್ಯಾಂಪ್‌ಗೂ ಸಹಿ ಬೇಕಿದ್ದರೆ ಅದು ಸಿಗ್ನೇಚರ್‌ಗಿಂತ ಮೇಲಿರಲೇಬೇಕು. ಸಿಗ್ನೇಚರ್‌ನ ಕೆಳಗೆ ಪಾರ್ಟ್ಸ್ ಅಂತ ಪುಟ್ಟ ಪಟ್ಟಿ ಇದೆ. ಅದನ್ನು ಖಾಲಿ ಬಿಟ್ಟರೆ ಮೆಸೇಜಿನ ಬಾಡಿ (ಒಳಗಿನ ವಿಷಯ) ಭಾಗಕ್ಕೆ ಮಾತ್ರ ಸಹಿ ಬೀಳುತ್ತದೆ. ಡಬ್ಲ್ಯುಸಿಎಫ್ ಸಾಮಾನ್ಯವಾಗಿ ಟೈಮ್‌ಸ್ಟ್ಯಾಂಪ್‌ಗೂ ಮೆಸೇಜು ಯಾರಿಗೆ ಅಂತ ಹೇಳುವ ಅಡ್ರೆಸಿಂಗ್ ಹೆಡರ್‌ಗಳಿಗೂ ಸಹಿ ಕೇಳುತ್ತದೆ. ಇನ್ನೊಂದು ಮಾತು: ಸಿಗ್ನೇಚರ್ ಅಲ್ಗಾರಿದಮ್ ಮತ್ತು ಡೈಜೆಸ್ಟ್ ಅಲ್ಗಾರಿದಮ್ ಬೇರೆ ಬೇರೆ ಪಟ್ಟಿಗಳಲ್ಲಿವೆ. ಒಂದರಲ್ಲಿ ಶಾ-256 ಆರಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಸಹಿ ಹೊಸದು, ಡೈಜೆಸ್ಟ್ ಹಳೆಯ ಶಾ-1. ಹಳೆ ಡಬ್ಲ್ಯುಸಿಎಫ್ ಸೆಟ್ಟಿಂಗ್‌ನ ಬೇಸಿಕ್256 ಅನ್ನುವುದೂ ಶಾ-1 ಬಳಸುತ್ತದೆ, ಹೆಸರಿನಲ್ಲಿ 256 ಇದೆ ಅಂತ ನಂಬಬೇಡಿ. ಬೇಸಿಕ್256ಶಾ256 ಅಂತಲೇ ಕೊಡಬೇಕು.

ಒಂದು ಬಲೆ ಇದೆ, ಹೊಸಬರು ಬೀಳುವುದು ಇದರಲ್ಲೇ. ರಿಕ್ವೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಔಟ್‌ಗೋಯಿಂಗ್ ಡಬ್ಲ್ಯುಎಸ್‌ಎಸ್ (ಡಬ್ಲ್ಯುಎಸ್-ಸೆಕ್ಯುರಿಟಿಯದೇ ಚಿಕ್ಕ ಹೆಸರು) ಅಪ್ಲೈ ಮಾಡಿದರೆ ಆ ಕ್ಷಣದ ಹೆಡರ್ ಪಠ್ಯವಾಗಿ ರಿಕ್ವೆಸ್ಟ್‌ನಲ್ಲಿ ಕೂತುಬಿಡುತ್ತದೆ. ಮೊದಲ ಸಲ ಹೋಗುತ್ತದೆ. ಚಹಾ ಕುಡಿದು ಬಂದು ಮತ್ತೆ ಕಳಿಸಿದರೆ ಅದೇ ಹಳೆ ಟೈಮ್‌ಸ್ಟ್ಯಾಂಪ್, ಒಂದೇ ಸಲ ಬಳಸಬೇಕಾದ ಅದೇ ನಾನ್ಸ್ ಗುರುತು, ಸರ್ವರ್ ಒದ್ದು ಕಳಿಸುತ್ತದೆ. ಕಳಿಸಬೇಕಾದ್ದು ಕೆಳಗಿನ ಆಥ್ ಟ್ಯಾಬ್‌ನಲ್ಲಿ ಔಟ್‌ಗೋಯಿಂಗ್ ಡಬ್ಲ್ಯುಎಸ್‌ಎಸ್ ಆರಿಸಿ. ಆಗ ಪ್ರತಿ ಸಲ ಹೊಸದಾಗಿ ತಯಾರಾಗುತ್ತದೆ.

ಟೈಮ್‌ಸ್ಟ್ಯಾಂಪ್ ವಿಷಯ ಬಂದಾಗ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮಲೆನಾಡಿನಲ್ಲಿ ಈ ಸೆಕ್ಯುರಿಟಿ ಕೈಕೊಡುವುದಕ್ಕೆ ಇದೇ ದೊಡ್ಡ ಕಾರಣ. ಜುಲೈ ತಿಂಗಳು, ಘಟ್ಟದ ಕಡೆ ಮಳೆ ಹಿಡಿದಿದೆ, ರಾತ್ರಿಯಿಡೀ ಕರೆಂಟ್ ಇಲ್ಲ, ಯುಪಿಎಸ್ ಖಾಲಿ. ಬೆಳಿಗ್ಗೆ ಸಂಘದಿಂದ ಫೋನ್ ಬರುತ್ತದೆ. "ಸಾರ್, ಬಿಲ್ ಆಗ್ತಿದೆ, ಆದ್ರೆ ಒಂದೂ ಕಳಿಸೋಕೆ ಆಗ್ತಿಲ್ಲ. ಪಾಸ್‌ವರ್ಡ್ ಯಾರಾದ್ರೂ ಬದಲಾಯಿಸಿದ್ರಾ?" ಪಾಸ್‌ವರ್ಡ್ ಯಾರೂ ಮುಟ್ಟಿಲ್ಲ ಮಾರಾಯ್ರೆ, ಗಡಿಯಾರ ನೋಡಿ ಅಂತ ನಾನು ಹೇಳುವುದು. ಹಳೆ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿರುತ್ತದೆ. ಕರೆಂಟ್ ಹೋದ ಕೂಡಲೇ ಸಮಯ ತಪ್ಪುತ್ತದೆ, ನೆಟ್ ಇನ್ನೂ ಸರಿಯಾಗಿ ಬಾರದ್ದರಿಂದ ಅದು ತಾನಾಗಿ ಸರಿಯಾಗುವುದೂ ಇಲ್ಲ, ಯಾರೋ ಕೈಗಡಿಯಾರ ನೋಡಿ ಅಂದಾಜಿಗೆ ಹಾಕಿರುತ್ತಾರೆ.

ಈಗ ಎರಡು ಪ್ಲಾಟ್‌ಫಾರ್ಮ್‌ಗಳ ವ್ಯತ್ಯಾಸ ನೋಡಿ. ಡಬ್ಲ್ಯುಸಿಎಫ್ ತನ್ನ ಡೀಫಾಲ್ಟ್‌ನಲ್ಲಿ 5 ನಿಮಿಷದ ಹೆಚ್ಚುಕಮ್ಮಿ ಸಹಿಸುತ್ತದೆ. ಜಾವಾ ಕಡೆ ಬಹಳಷ್ಟು ಸರ್ವಿಸ್‌ಗಳು ಬಳಸುವ ಅಪಾಚೆಯ ಡಬ್ಲ್ಯುಎಸ್‌ಎಸ್‌ಫೋರ್‌ಜೆ 300 ಸೆಕೆಂಡಿನಷ್ಟು ಹಳೆಯದನ್ನು ಒಪ್ಪುತ್ತದೆ, ಆದರೆ ಮುಂದಿನ ಸಮಯವಾದರೆ ಬರೀ 60 ಸೆಕೆಂಡು. ಅಂದರೆ ಸಂಘದ ಕಂಪ್ಯೂಟರ್ 2 ನಿಮಿಷ ಮುಂದಿದ್ದರೆ ಡಾಟ್ ನೆಟ್ ಸರ್ವಿಸ್‌ಗೆ ಎಲ್ಲ ಹೋಗುತ್ತದೆ, ಜಾವಾ ಸರ್ವಿಸ್‌ಗೆ ಒಂದೂ ಹೋಗುವುದಿಲ್ಲ. ನೋಡುವವರಿಗೆ ಜಾವಾ ಕಡೆಯೇ ಹಾಳಾಗಿದೆ ಅನಿಸುತ್ತದೆ. ಸೋಪ್‌ಯುಐಯನ್ನು ಅದೇ ಕಂಪ್ಯೂಟರಿನಲ್ಲಿ ಒಮ್ಮೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಓಡಿಸಿ. ಹೋದದ್ದನ್ನು ಹಾಗೇ ತೋರಿಸುವ ರಾ ಟ್ಯಾಬ್‌ನಲ್ಲಿ ಎರಡೂ ಕಡೆ ಕ್ರಿಯೇಟೆಡ್ ಅನ್ನುವ ಸಾಲು ನೋಡಿದರೆ ಸಾಕು.

ಇದರ ಜೊತೆಗೇ ಭಾರತೀಯ ಸಮಯದ ಐದೂವರೆ ಗಂಟೆ. ಟೈಮ್‌ಸ್ಟ್ಯಾಂಪ್ ಜಾಗತಿಕ ಸಮಯವಾದ ಯುಟಿಸಿಯಲ್ಲಿರಬೇಕು, ಕೊನೆಯ ಝಡ್ ಅಕ್ಷರದ ಅರ್ಥ ಅದೇ. ಕೈಯಾರೆ ಹೆಡರ್ ಕಟ್ಟುವವರು ಬೆಳಿಗ್ಗೆ 11 ಗಂಟೆಯನ್ನು ಹಾಗೇ ಬರೆದು ಝಡ್ ಸೇರಿಸಿದರೆ ಸರ್ವರ್ ಅದನ್ನು ನಮ್ಮ ಸಂಜೆ 4:30 ಅಂತ ಓದುತ್ತದೆ. ಇನ್ನೂ ಹುಟ್ಟದ ಮೆಸೇಜನ್ನು ಅದು ಯಾಕೆ ತೆಗೆದುಕೊಳ್ಳುತ್ತದೆ? ಬರೆಯಬೇಕಾದ್ದು 05:30. ಸೋಪ್‌ಯುಐ ಇದನ್ನು ತಾನೇ ಸರಿಯಾಗಿ ಹಾಕುತ್ತದೆ, ಹೋಲಿಸಿ ನೋಡಲು ಅದೇ ಮಾದರಿ.

ಸಹಿ ಹಾಕಿದ ಮೇಲೆ ಬಾಡಿಯನ್ನು ಮುಟ್ಟಬಾರದು. ಅಡಿಕೆ ಚೀಲ ತೂಗಿ ಬಾಯಿ ಹೊಲಿದ ಮೇಲೆ ಮತ್ತೆ ಬಿಚ್ಚಿ ಅಲುಗಾಡಿಸಿದರೆ ಆ ತೂಕದ ಚೀಟಿಗೆ ಬೆಲೆ ಇಲ್ಲವಲ್ಲ, ಹಾಗೇ ಇದು. ಎಕ್ಸ್‌ಎಂಎಲ್‌ ಸಾಲು ಓದಲು ಚೆಂದ ಇರಲಿ ಅಂತ ನಡುವೆ ಸ್ಪೇಸ್ ಸೇರಿಸಿದರೂ ಸಹಿ ಮುರಿಯುತ್ತದೆ. ಸೋಪ್‌ಯುಐಯ ಎಕ್ಸ್‌ಎಂಎಲ್ ಟ್ಯಾಬ್ ಉತ್ತರವನ್ನು ಅಂದವಾಗಿ ಜೋಡಿಸಿ ತೋರಿಸುತ್ತದೆ, ಅದು ಕಣ್ಣಿಗೆ ಮಾತ್ರ. ಎದುರಿನವರಿಗೆ ಸಾಕ್ಷಿ ಕಳಿಸುವಾಗ ಯಾವಾಗಲೂ ರಾ ಟ್ಯಾಬ್‌ನಿಂದಲೇ ತೆಗೆಯಿರಿ.

ಕನ್ನಡ ಹೆಸರುಗಳಿದ್ದರೆ ಇನ್ನೂ ಹುಷಾರು. ಸಹಿಗೆ ಮುಂಚೆ ನಡೆಯುವ ಕ್ಯಾನಾನಿಕಲೈಸೇಶನ್ ಎಕ್ಸ್‌ಎಂಎಲ್ ಅನ್ನು ಯುಟಿಎಫ್-8ಕ್ಕೆ ತರುತ್ತದೆ, ಆಟ್ರಿಬ್ಯೂಟ್‌ಗಳನ್ನು ಕ್ರಮಕ್ಕೆ ತರುತ್ತದೆ. ಆದರೆ ಯೂನಿಕೋಡ್ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದಿಲ್ಲ. ಹೋಬಳಿ ಅನ್ನುವಲ್ಲಿನ ಓತ್ವವನ್ನು ಒಂದೇ ಕೋಡ್ ಆಗಿಯೂ ಇಡಬಹುದು, ಬಿಡಿಸಿ ಮೂರು ಕೋಡ್ ಆಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತದೆ. ಸಹಿ ಆದ ಮೇಲೆ ನಡುವಿನ ಯಾವುದೋ ಪ್ರೋಗ್ರಾಂ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಡೈಜೆಸ್ಟ್ ತಾಳೆಯಾಗುವುದಿಲ್ಲ. ಇಂಗ್ಲಿಷ್ ಹೆಸರಿನ ರೈತರ ಬಿಲ್ ಎಲ್ಲ ಹೋಗಿ ಕನ್ನಡ ಹೆಸರಿನವು ಮಾತ್ರ ನಿಂತರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಹೆಸರನ್ನು ಡೇಟಾಬೇಸ್‌ಗೆ ಸೇರಿಸುವಾಗಲೇ ಒಂದು ರೂಪಕ್ಕೆ ತಂದುಬಿಡುವುದು ಒಳ್ಳೆಯದು. ಕನ್ನಡದ ಹೆಸರು ಕನ್ನಡದಲ್ಲೇ ಹೋಗಬೇಕು, ತೊಂದರೆ ಅಂತ ಇಂಗ್ಲಿಷಿಗೆ ಬದಲಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಕೊರತೆಗಳು. ಸರ್ವಿಸ್‌ನ ವಿವರಣೆಯ ಫೈಲಾದ ಡಬ್ಲ್ಯುಎಸ್‌ಡಿಎಲ್‌ನಲ್ಲಿ ಬರೆದಿರುವ ಸೆಕ್ಯುರಿಟಿ ಪಾಲಿಸಿಯನ್ನು ಸೋಪ್‌ಯುಐ ಓದಿ ತಾನೇ ಹೊಂದಿಸಿಕೊಳ್ಳುವುದಿಲ್ಲ. ನೀವೇ ಓದಿ ಒಂದೊಂದೇ ಹಾಕಬೇಕು. ಜಾವಾದ ಅಪಾಚೆ ಸಿಎಕ್ಸ್‌ಎಫ್ ಲೈಬ್ರರಿ ಪಾಲಿಸಿ ನೋಡಿ ತಾನೇ ಮಾಡಿಕೊಳ್ಳುತ್ತದೆ, ಆ ಸುಖ ಇಲ್ಲಿಲ್ಲ. ಸೆಕ್ಯೂರ್ ಕಾನ್ವರ್ಸೇಶನ್ (ಮೊದಲು ಒಂದು ಸೆಶನ್ ಕಟ್ಟಿಕೊಂಡು ಮಾತಾಡುವ ವಿಧಾನ) ಕೂಡ ಇಲ್ಲ. ಡಬ್ಲ್ಯುಸಿಎಫ್‌ನ ಡಬ್ಲ್ಯುಎಸ್ ಎಚ್‌ಟಿಟಿಪಿ ಬೈಂಡಿಂಗ್ ಡೀಫಾಲ್ಟ್ ಆಗಿ ಅದನ್ನೇ ಬಳಸುವುದರಿಂದ ಎಸ್ಟಾಬ್ಲಿಷ್ ಸೆಕ್ಯುರಿಟಿ ಕಾಂಟೆಕ್ಸ್ಟ್ ಮತ್ತು ನೆಗೋಶಿಯೇಟ್ ಸರ್ವಿಸ್ ಕ್ರೆಡೆನ್ಶಿಯಲ್ ಎರಡನ್ನೂ ಫಾಲ್ಸ್ ಮಾಡದೆ ಮುಂದಕ್ಕೆ ಹೋಗಲಾಗುವುದಿಲ್ಲ. ಹೊರಗಿನ ಬೇರೆ ಪ್ಲಾಟ್‌ಫಾರ್ಮ್‌ಗಳ ಜೊತೆ ಮಾತಾಡಲು ಹೇಗಿದ್ದರೂ ಅದನ್ನು ಮಾಡುವುದೇ ಸರಿ. ಮತ್ತೊಂದು, ಸೋಪ್‌ಯುಐ ಒಳಗೆ ಓಡುವುದು ಕೂಡ ಡಬ್ಲ್ಯುಎಸ್‌ಎಸ್‌ಫೋರ್‌ಜೆಯೇ. ಹಾಗಾಗಿ ಸೋಪ್‌ಯುಐಯಿಂದ ಜಾವಾ ಸರ್ವಿಸ್‌ಗೆ ಹೋಯಿತು ಅಂದ ಮಾತ್ರಕ್ಕೆ ನಿಮ್ಮ ಡಾಟ್ ನೆಟ್‌ನಿಂದಲೂ ಹೋಗುತ್ತದೆ ಅಂತ ಅಲ್ಲ. ಸರ್ವಿಸ್ ಕಡೆಯವರು ಏನು ಬಯಸುತ್ತಾರೆ ಅನ್ನುವುದರ ಸರಿಯಾದ ನಕಲು ನಿಮ್ಮ ಕೈಗೆ ಸಿಕ್ಕಿತು, ಅಷ್ಟೆ. ಅದಕ್ಕೆ ತಾಳೆಯಾಗುವ ಹಾಗೆ ಡಾಟ್ ನೆಟ್ ಕಡೆ ಮಾಡುವುದು ನಿಮ್ಮ ಕೆಲಸ. ಉದಾಹರಣೆಗೆ ಪಾಸ್‌ವರ್ಡ್ ಡೈಜೆಸ್ಟ್ ಸೋಪ್‌ಯುಐಯಲ್ಲಿ ಒಂದು ಆಯ್ಕೆ ಮಾತ್ರ, ಡಬ್ಲ್ಯುಸಿಎಫ್‌ನಲ್ಲಿ ಅದು ಇಲ್ಲವೇ ಇಲ್ಲ, ಕೋಡ್ ಬರೆದುಕೊಳ್ಳಬೇಕು. ಹೊಸ ಡಾಟ್ ನೆಟ್‌ಗೆ ಹೋಗುವವರು ಇದನ್ನೂ ನೆನಪಿಡಿ: ಅದರ ಸೋಪ್ ಕ್ಲೈಂಟ್‌ನಲ್ಲಿ ಪೂರ್ತಿ ಮೆಸೇಜ್ ಸೆಕ್ಯುರಿಟಿ ಮೋಡ್ ಇಲ್ಲ, ಎಚ್‌ಟಿಟಿಪಿಎಸ್ ಮೇಲೆ ಮೆಸೇಜ್ ಕ್ರೆಡೆನ್ಶಿಯಲ್ ಇಡುವುದು ಮಾತ್ರ ಇದೆ.

ದೋಷದ ಸಂದೇಶ ಸ್ಪಷ್ಟವಾಗಿ ಬರುವುದಿಲ್ಲ ಅಂತ ಸೋಪ್‌ಯುಐಯನ್ನು ಬೈಯುವವರಿದ್ದಾರೆ. ಅದು ಅದರ ತಪ್ಪಲ್ಲ. ಸೆಕ್ಯುರಿಟಿ ಪರೀಕ್ಷಿಸುವಾಗ ತೊಂದರೆಯಾಯಿತು ಅನ್ನುವಷ್ಟನ್ನೇ ಸರ್ವರ್ ಬೇಕೆಂದೇ ಹೇಳುತ್ತದೆ. 2011ರಲ್ಲಿ ಜರ್ಮನಿಯ ಬೋಖುಂನ ಸಂಶೋಧಕರು ಸರ್ವರ್ ಕೊಡುವ ದೋಷದ ಉತ್ತರಗಳನ್ನೇ ಹಿಡಿದು ಸಿಬಿಸಿ ಮೋಡ್ ಅನ್ನುವ ವಿಧಾನದ ಎಕ್ಸ್‌ಎಂಎಲ್ ಎನ್‌ಕ್ರಿಪ್ಶನ್ ಬಿಡಿಸಿ ತೋರಿಸಿದರು. ಆಮೇಲೆ ಜಿಸಿಎಂ ಮೋಡ್ ಬಂತು, ಎರಡು ಕಡೆಯೂ ಸಿಗುವುದಾದರೆ ಅದನ್ನೇ ಆರಿಸಿ. ನಿಜವಾದ ಕಾರಣ ಸರ್ವರ್ ಲಾಗ್‌ನಲ್ಲಿ ಇರುತ್ತದೆ. ಎದುರಿನವರನ್ನು ಬಿಡದೆ ಕೇಳಿ, ಆ ಸಾಲು ಕೊಡುವವರೆಗೂ ಕೇಳಿ.

ಟೂಲ್ ಭಾರ ಇದೆ, ಹಳೆ ಲ್ಯಾಪ್‌ಟಾಪಿನಲ್ಲಿ ತೆರೆಯಲು ಸಮಯ ಹಿಡಿಯುತ್ತದೆ, ನೋಟವೂ ಹಳೇ ಕಾಲದ್ದು. ನನಗೆ ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಮಾಕ್ ಸರ್ವಿಸ್. ಡಬ್ಲ್ಯುಎಸ್‌ಡಿಎಲ್ ಕೊಟ್ಟರೆ ಎದುರಿನವರ ಸರ್ವಿಸ್‌ನಂತೆಯೇ ಒಂದನ್ನು ನಿಮ್ಮ ಕಂಪ್ಯೂಟರಿನಲ್ಲೇ ನಿಲ್ಲಿಸುತ್ತದೆ, ಅದಕ್ಕೂ ಇನ್‌ಕಮಿಂಗ್ ಸೆಕ್ಯುರಿಟಿ ಹಾಕಬಹುದು. ಹೊಸನಗರದ ಒಳಗಿನ ಯಾವುದೋ ಊರಲ್ಲಿ ನೆಟ್ ಎರಡು ದಿನ ಇಲ್ಲದಿದ್ದರೂ ಸಹಿ ಸರಿಯಿದೆಯೋ ಇಲ್ಲವೋ ಅಂತ ಅಲ್ಲೇ ಕೂತು ಪರೀಕ್ಷಿಸಬಹುದು. ನಮ್ಮ ಕಡೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಪಾಲಿಸಿ ಓದುವುದಿಲ್ಲ ಅನ್ನುವುದಕ್ಕೆ ಒಂದು ಕಡಿಮೆ. ರೆಸ್ಟ್ ಮಾತ್ರ ಮಾಡುವವರಿಗೆ ಇದಕ್ಕಿಂತ ಹಗುರವಾದವು ಬೇಕಾದಷ್ಟಿವೆ. ಮತ್ತೆ, ಪ್ರಾಜೆಕ್ಟ್ ಫೈಲನ್ನು ಯಾರಿಗಾದರೂ ಮೇಲ್ ಮಾಡುವ ಮೊದಲು ಪ್ರಾಜೆಕ್ಟ್ ಪಾಸ್‌ವರ್ಡ್ ಹಾಕಿ ಸೇವ್ ಮಾಡಿ. ಹಾಕದಿದ್ದರೆ ನಿಮ್ಮ ಕೀಸ್ಟೋರ್‌ನ ಪಾಸ್‌ವರ್ಡ್ ಆ ಫೈಲಿನಲ್ಲಿ ಬಯಲಾಗಿ, ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಕಾಣುವ ಹಾಗೆ ಇರುತ್ತದೆ.