ಕಾರ್ಗ್ ಮಿನಿಲಾಗ್: ಐದು ವರ್ಷ ನುಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮಿನಿಲಾಗ್ ಒಂದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ಕೀಬೋರ್ಡ್. ಇದರಲ್ಲಿ ತಾನೇ ತಾಳ, ಪಕ್ಕವಾದ್ಯ ನುಡಿಸುವ ಸ್ಟೈಲ್‌ಗಳಿಲ್ಲ, ಸ್ಪೀಕರ್ ಕೂಡ ಇಲ್ಲ. ಹೆಡ್‌ಫೋನ್ ಅಥವಾ ಆಂಪ್ಲಿಫೈಯರ್ ಹಾಕದಿದ್ದರೆ ಏನೂ ಕೇಳಿಸುವುದಿಲ್ಲ. ಪಿಯಾನೊ, ಕೊಳಲು, ಪಿಟೀಲು ಇದ್ದ ಹಾಗೇ ಕೇಳಬೇಕು ಅನ್ನುವವರಿಗೆ ಅಂಥ ಸ್ಟೈಲ್ ಇರುವ ಅರೇಂಜರ್ ಕೀಬೋರ್ಡೇ ಸರಿ. ಧ್ವನಿಯನ್ನು ನಾವೇ ಕೈಯಾರೆ ಕಟ್ಟಿಕೊಳ್ಳಬೇಕು ಅಂದರೆ ಮಾತ್ರ ಇದು ಬೇಕು.

ಮಿನಿಲಾಗ್ 2016ರಲ್ಲಿ ಬಂತು. 37 ಸಣ್ಣ ಕೀಗಳು, ನಾಲ್ಕು ವಾಯ್ಸ್ (ಅಂದರೆ ಒಟ್ಟಿಗೆ ನುಡಿಯುವುದು ನಾಲ್ಕೇ ಸ್ವರ), ಒಂದೊಂದು ವಾಯ್ಸ್‌ಗೂ ಎರಡು ಅನಲಾಗ್ ಆಸಿಲೇಟರ್, ಅಂದರೆ ಮೂಲ ಅಲೆ ಹುಟ್ಟಿಸುವ ವಿದ್ಯುತ್ ಸರ್ಕ್ಯೂಟ್. ಸ್ವರಗಳನ್ನು ನೆನಪಿಟ್ಟು ತಾನೇ ಮತ್ತೆ ಮತ್ತೆ ನುಡಿಸುವ 16 ಹೆಜ್ಜೆಯ ಸೀಕ್ವೆನ್ಸರ್ ಕೂಡ ಇದೆ. ಕೊಳ್ಳುವ ಮುಂಚೆ ನನ್ನ ಕಣ್ಣು ನೂರಾರು ಪ್ರೀಸೆಟ್ (ಸಿದ್ಧ ಧ್ವನಿ) ಇರುವ ಡಿಜಿಟಲ್ ಕೀಬೋರ್ಡ್ ಮೇಲಿತ್ತು. ಅದರಲ್ಲಿ ಒಂದು ಧ್ವನಿ ಬದಲಿಸಬೇಕಾದರೆ ಮೆನು ಒಳಗೆ ಮೆನು ತೆರೆಯಬೇಕು. ಇದರಲ್ಲಿ ಮುಖ್ಯವಾದ ಕೆಲಸಕ್ಕೆಲ್ಲ ಒಂದೊಂದು ನಾಬ್ ಎದುರಿಗೇ ಇದೆ. ಅದಕ್ಕೇ ಇದನ್ನು ತೆಗೆದುಕೊಂಡೆ. ಇವತ್ತಿಗೂ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ಪ್ರೀಸೆಟ್ ಎಣಿಸಬೇಡಿ, ನಾಬ್ ಎಣಿಸಿ.

ಮೊದಲ ಒಂದು ತಿಂಗಳು ಕಂಪನಿಯವರು ಹಾಕಿಟ್ಟಿದ್ದ ಧ್ವನಿಗಳನ್ನು ಸುಮ್ನೆ ನುಡಿಸಿದೆ. ಚೆನ್ನಾಗಿದ್ದವು, ಆದರೆ ಅದರಿಂದ ಏನೂ ಕಲಿಯಲಿಲ್ಲ. ಒಂದು ದಿನ ಎಲ್ಲ ತೆಗೆದು ಬರೀ ಒಂದು ಆಸಿಲೇಟರ್ ಉಳಿಸಿಕೊಂಡೆ. ಸಾ ಅಲೆ, ಅಂದರೆ ಗರಗಸದ ಅಲೆ. ಚೂಪಾದ ಮೇಲಿನ ಕಂಪನಗಳನ್ನು ಸೋಸುವ ಫಿಲ್ಟರ್ ಪೂರ್ತಿ ತೆರೆದಿತ್ತು. ಮಿನಿಲಾಗ್‌ನ ಪುಟ್ಟ ಪರದೆ ಆಗಿನ ಅಲೆಯನ್ನು ಆಗಲೇ ಗೆರೆಯಾಗಿ ತೋರಿಸುತ್ತದೆ. ಗರಗಸದ ಹಲ್ಲುಗಳು ಚೂಪಾಗಿ ಕಾಣುತ್ತಿದ್ದವು. ಕಟ್‌ಆಫ್ ನಾಬನ್ನು, ಅಂದರೆ ಎಲ್ಲಿಂದ ಮೇಲಕ್ಕೆ ಸೋಸಬೇಕು ಅಂತ ಹೇಳುವುದನ್ನು, ನಿಧಾನವಾಗಿ ಕೆಳಗೆ ತಂದೆ. ಹಲ್ಲುಗಳ ತುದಿ ಸವೆಯುತ್ತಾ ಬಂದು, ಕೊನೆಗೆ ನುಣ್ಣಗಿನ ಒಂದು ಏರಿಳಿತವಷ್ಟೇ ಉಳಿಯಿತು. ಕಿವಿಯಲ್ಲೂ ಅದೇ: ಕರ್ಕಶವಾಗಿದ್ದದ್ದು ಮೆತ್ತಗಾಗಿ, ಗೋಡೆಯ ಆಚೆಯಿಂದ ಬಂದ ಹಾಗಾಯಿತು. ಫಿಲ್ಟರ್ ಅಂದರೆ ಏನು ಅಂತ ಎಷ್ಟೋ ಓದಿದ್ದೆ. ಅರ್ಥವಾಗಿದ್ದು ಆ ಹತ್ತು ಸೆಕೆಂಡಿನಲ್ಲಿ.

ಆಮೇಲೆ ಎರಡನೆಯ ಆಸಿಲೇಟರ್. ಎರಡೂ ಒಂದೇ ಶ್ರುತಿಯಲ್ಲಿದ್ದರೆ ಸಪ್ಪೆ. ಒಂದನ್ನು ಕೂದಲೆಳೆಯಷ್ಟು ಸರಿಸಿದರೆ ಜೀವ ಬರುತ್ತದೆ. ಒಂದು 440 ಹರ್ಟ್ಸ್, ಇನ್ನೊಂದು 441 ಆದರೆ ಸೆಕೆಂಡಿಗೆ ಒಂದು ಸಲ ಧ್ವನಿ ಉಬ್ಬಿ ಇಳಿಯುತ್ತದೆ. ಇನ್ನೂ ಸರಿಸಿದರೆ ಆ ಅಲುಗಾಟ ಜೋರಾಗುತ್ತದೆ. ತೀರಾ ಜಾಸ್ತಿಯಾದರೆ ಅಪಶ್ರುತಿ. ನನ್ನ ಮೊದಲ ಒಳ್ಳೆಯ ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಮೆತ್ತಗೆ ಹರಡುವ ಧ್ವನಿ, ಹುಟ್ಟಿದ್ದು ಹೀಗೆ. ಎರಡು ಸಾ ಅಲೆ, ಅರ್ಧ ಮುಚ್ಚಿದ ಫಿಲ್ಟರ್, ನಿಧಾನ ಅಟ್ಯಾಕ್ (ಸ್ವರ ಏರುವ ವೇಳೆ), ಉದ್ದನೆಯ ರಿಲೀಸ್ (ಕೀ ಬಿಟ್ಟ ಮೇಲೆ ಕರಗುವ ವೇಳೆ).

ನಾಲ್ಕು ವಾಯ್ಸ್ ಎಷ್ಟು ಕಡಿಮೆ ಅಂತ ಗೊತ್ತಾಗಿದ್ದೂ ಅದೇ ಪ್ಯಾಡ್‌ನಿಂದ. ಮೂರು ಸ್ವರದ ಒಂದು ಕಾರ್ಡ್ ಒತ್ತಿ, ಬಿಟ್ಟು, ಮುಂದಿನದು ಒತ್ತಿದೆ. ಹಿಂದಿನ ಸ್ವರಗಳು ಇನ್ನೂ ಕರಗುತ್ತಿದ್ದವು. ಹೊಸ ಕಾರ್ಡಿಗೆ ಮೂರು ವಾಯ್ಸ್ ಬೇಕು, ಖಾಲಿ ಇರುವುದು ಒಂದೇ. ಹಾಗಾಗಿ ಹಳೆಯ ಎರಡು ಸ್ವರ ಪಟ್ಟನೆ ಕತ್ತರಿಸಿಹೋದವು. ಬೇಸರವಾಯಿತು. ಈಗ ರಿಲೀಸ್ ಕಡಿಮೆ ಇಟ್ಟು, ಬಾಲವನ್ನು ಪ್ರತಿಧ್ವನಿ ಕೊಡುವ ಡಿಲೇಗೆ ಬಿಡುತ್ತೇನೆ. ಕಾರ್ಡುಗಳನ್ನೂ ಎರಡೆರಡು ಸ್ವರಕ್ಕೆ ಇಳಿಸಿಕೊಂಡೆ. ನುಡಿಸಾಣಿಕೆ ಹಗುರವಾಯಿತು, ಕೇಳಲು ಇನ್ನೂ ಚೆಂದ ಅನ್ನಿಸಿತು. ಅದೇ ನಾಲ್ಕು ವಾಯ್ಸನ್ನು ಯೂನಿಸನ್‌ನಲ್ಲಿ ಒಂದೇ ಸ್ವರಕ್ಕೆ ಸೇರಿಸಿ, ಫಿಲ್ಟರನ್ನು ಹೆಚ್ಚು ಕಡಿದಾಗಿ ಸೋಸುವ 4 ಪೋಲ್‌ಗೆ ಹಾಕಿ ಬೇಸ್ ನುಡಿಸಿ ನೋಡಿ. ಎದೆಗೇ ತಾಗುತ್ತದೆ.

ನನಗೆ ನಿಜಕ್ಕೂ ಕೊರತೆ ಅನ್ನಿಸಿರುವುದು, ಧ್ವನಿಯನ್ನು ತಾನೇ ನಿಧಾನವಾಗಿ ಅಲುಗಿಸುತ್ತಿರುವ ಎಲ್‌ಎಫ್‌ಒ. ಇರುವುದು ಒಂದೇ. ಅದು ಶ್ರುತಿಯನ್ನು ಅಲುಗಿಸಬಹುದು, ಅಲೆಯ ಆಕಾರವನ್ನು ಅಲುಗಿಸಬಹುದು, ಇಲ್ಲವೇ ಕಟ್‌ಆಫನ್ನು. ಮೂರರಲ್ಲಿ ಒಂದು ಮಾತ್ರ. ವೈಬ್ರಾಟೊ (ಶ್ರುತಿಯ ಅಲುಗಾಟ) ಬೇಕು ಅಂದರೆ ಉಳಿದೆರಡು ಬಿಡಬೇಕು. ಸೀಕ್ವೆನ್ಸರ್‌ನಲ್ಲಿ ನಾಬಿನ ಚಲನೆಯನ್ನೇ ರೆಕಾರ್ಡ್ ಮಾಡಿ ಸ್ವಲ್ಪ ಮಟ್ಟಿಗೆ ಸರಿದೂಗಿಸಬಹುದು. ಆದರೆ ಕೈಯಲ್ಲಿ ನುಡಿಸುವಾಗ ಅದು ಉಪಯೋಗಕ್ಕೆ ಬರುವುದಿಲ್ಲ.

ಹೊಸಬರು ಗಾಬರಿಯಾಗುವ ವಿಷಯ ಇನ್ನೊಂದಿದೆ. ಸೇವ್ ಮಾಡಿದ ಧ್ವನಿಯನ್ನು ತೆರೆದಾಗ ನಾಬ್‌ಗಳು ಹಿಂದೆ ಎಲ್ಲಿದ್ದವೋ ಅಲ್ಲೇ ಇರುತ್ತವೆ. ಧ್ವನಿಯ ಒಳಗಿನ ಅಂಕಿ ಬೇರೆ. ನಾಬ್ ಮುಟ್ಟಿದ ಕೂಡಲೇ ಧ್ವನಿ ನೆಗೆದುಬಿಡುತ್ತದೆ. ಸೆಟ್ಟಿಂಗ್‌ನಲ್ಲಿ ನಾಬ್ ಮೋಡ್ ಅಂತ ಇದೆ. ಜಂಪ್ ಬದಲು ಕ್ಯಾಚ್ ಹಾಕಿದರೆ, ನಾಬ್ ಹಳೆಯ ಅಂಕಿಯನ್ನು ದಾಟುವವರೆಗೆ ಏನೂ ಬದಲಾಗುವುದಿಲ್ಲ. ಧ್ವನಿ ಕಟ್ಟುವಾಗ ನನಗೆ ಜಂಪ್ ಇಷ್ಟ, ಬೇರೆಯವರ ಎದುರು ನುಡಿಸುವಾಗ ಕ್ಯಾಚ್.

ಸೇವ್ ಮಾಡುವುದನ್ನು ಮಾತ್ರ ಮರೆಯಬೇಡಿ. ಕ್ರಾಸ್ ಮಾಡ್ಯುಲೇಷನ್ (ಒಂದು ಆಸಿಲೇಟರ್ ಇನ್ನೊಂದರ ಶ್ರುತಿಯನ್ನು ಅಲುಗಿಸುವುದು) ಏರಿಸುತ್ತಾ ಗಂಟೆ ಬಾರಿಸಿದಂಥ ಒಂದು ನಾದ ಕಟ್ಟಿದ್ದೆ. ಒಡೆದ ಕಂಚಿನ ಹಾಗೆ, ಒಳಗೆ ಸ್ವಲ್ಪ ಒರಟು. ಬೇರೆ ಧ್ವನಿಯ ಜೊತೆ ಹೋಲಿಸಿ ನೋಡೋಣ ಅಂತ ಪ್ರೋಗ್ರಾಮ್ ನಾಬ್ ತಿರುಗಿಸಿದೆ, ಹೋಯಿತು. ಅದಾದ ಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಆ ನಾದ ಮತ್ತೆ ಸಿಕ್ಕಿಲ್ಲ. ಈಗ ಕಿವಿಗೆ ಹಿಡಿಸಿದ ಕ್ಷಣವೇ ರೈಟ್ (Write) ಬಟನ್ ಒತ್ತುತ್ತೇನೆ. 200 ಜಾಗ ಇದೆ, ಜಿಪುಣತನ ಬೇಡ. ಕಂಪ್ಯೂಟರಿಗೆ ಸೌಂಡ್ ಲೈಬ್ರೇರಿಯನ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಆಗಾಗ ಬ್ಯಾಕಪ್ ಕೂಡ ತೆಗೆದಿಡುತ್ತೇನೆ.

ಉಳಿದದ್ದು ಚಿಕ್ಕಪುಟ್ಟದ್ದು. ಔಟ್‌ಪುಟ್ ಮೋನೊ, ಎರಡು ಕಿವಿಗೂ ಒಂದೇ ಧ್ವನಿ. ಕೀಗಳು ಒತ್ತುವ ವೇಗ ಗುರುತಿಸುತ್ತವೆ, ಆಫ್ಟರ್‌ಟಚ್ (ಒತ್ತಿದ ಮೇಲೆ ಇನ್ನೂ ಅದುಮಿ ಧ್ವನಿ ಬದಲಿಸುವುದು) ಇಲ್ಲ. ದೊಡ್ಡ ಕೈಯವರಿಗೆ ಇಕ್ಕಟ್ಟು ಅನ್ನಿಸಬಹುದು, ನನಗೆ ಎರಡು ವಾರದಲ್ಲಿ ರೂಢಿಯಾಯಿತು. ಅನಲಾಗ್ ಆದ್ದರಿಂದ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನುಡಿಸುತ್ತೇನೆ, ಆಗ ಶ್ರುತಿ ಸ್ಥಿರವಾಗಿ ನಿಲ್ಲುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಾಲ್ಕು ಕೀ ಒಟ್ಟಿಗೆ ಒತ್ತಿ, ನಾಲ್ಕೂ ಸಮನಾಗಿ ಕೇಳುತ್ತವಾ ನೋಡಿ. ಪ್ರತಿ ನಾಬನ್ನೂ ನಿಧಾನವಾಗಿ ಪೂರ್ತಿ ತಿರುಗಿಸಿ. ಕಟ್‌ಆಫ್ ಥರದವುಗಳಲ್ಲಿ ಪರದೆಯ ಅಂಕಿ 0ಯಿಂದ 1023ರವರೆಗೆ ತಡವರಿಸದೆ ಏರಬೇಕು. ಅಡಾಪ್ಟರ್ ಜೊತೆಗೇ ಕೊಡುತ್ತಾರಾ ಕೇಳಿ. 9 ವೋಲ್ಟಿನದು ಬೇಕು. ಬ್ಯಾಟರಿಯಲ್ಲಾಗಲಿ ಯುಎಸ್‌ಬಿ ಕರೆಂಟಿನಲ್ಲಾಗಲಿ ಇದು ಓಡುವುದಿಲ್ಲ.